ಕರೆಗಂಟೆ ನನ್ನ ಮೇಜಿಗೆ

ಆ ಬುಧವಾರ ಸಂಜೆ ನಾಲ್ಕರ ಹೊತ್ತಿಗೆ ನನ್ನ ಮೇಜಿನ ಮೇಲೆ ಆರು ಚೀಟಿಗಳು ಸೇರಿದ್ದವು. ಮಾಮೂಲ್‌ಪೇಟೆಯ ಕಾರ್ಡ್ ವ್ಯಾಪಾರಿ ಫೋನ್ ಮಾಡಿ ನವಿಲಿನ ಅಚ್ಚು ಶುಕ್ರವಾರಕ್ಕೆ ಸಿಗುತ್ತದೆಯೇ ಎಂದು ಕೇಳಿದ್ದರು. ಕರೆಂಟ್ ಮೀಟರ್ ನೋಡುವವರು ಬಂದು ಹೋಗಿದ್ದರು. ಪಕ್ಕದ ಟೈಲರ್ ಏಣಿ ಕೇಳಿದ್ದ. ಹಿತ್ತಾಳೆ ಫಲಕ ತರುವ ಟೆಂಪೋದವನು ನಾಳೆ ಬರುತ್ತೇನೆ ಎಂದಿದ್ದ. ನನ್ನ ಹೆಂಡತಿಯ ತಂಗಿ ಭಾನುವಾರ ಊಟಕ್ಕೆ ಕರೆದಿದ್ದಳು. ಆರನೆಯದು ಮಲ್ಲೇಶ್ವರದಿಂದ ಬಂದಿದ್ದ ಒಬ್ಬ ಹೆಂಗಸಿನದು. ಮಗಳ ಮದುವೆ ಕಾರ್ಡಿನಲ್ಲಿ ಗಣಪತಿಯ ಪಕ್ಕ ಮನೆಯ ನಾಯಿಯನ್ನೂ ಕೊರೆಯಲು ಆಗುತ್ತದೆಯೇ ಎಂದು ಅವರು ಕೇಳಿದ್ದರು. ಆಗುವುದಾದರೆ ನಾಯಿ ಗಣಪತಿಯ ಕಡೆಗೆ ನೋಡುತ್ತಿರಬೇಕು, ಇಲಿಯ ಕಡೆಗಲ್ಲ ಎಂದೂ ಹೇಳಿ ಹೋಗಿದ್ದರು. ಇದನ್ನು ಓದಿದರೆ ನನ್ನ ಹೆಂಡತಿ ನಗುತ್ತಾಳೆ ಎಂದು ಆ ಚೀಟಿಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟುಕೊಂಡಿದ್ದೆ.

ಮದುವೆ ಕಾರ್ಡುಗಳ ಮೇಲೆ ಚಿನ್ನದ ಬಣ್ಣದಲ್ಲಿ ಕಳಶ, ನವಿಲು, ಗಣಪತಿ ಹೊಳೆಯುತ್ತವಲ್ಲ, ಅವನ್ನು ಒತ್ತುವುದಕ್ಕೆ ಹಿತ್ತಾಳೆಯ ಅಚ್ಚು ಬೇಕು. ಆ ಅಚ್ಚುಗಳನ್ನು ಕೊರೆಯುವುದು ನಮ್ಮ ಕಸುಬು. ಚಾಮರಾಜಪೇಟೆಯಲ್ಲಿ ಒಂದು ಹಳೆಯ ಮನೆಯ ಮುಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೇವೆ. ಮುಂದಿನ ಕೋಣೆಯಲ್ಲಿ ನನ್ನ ಮೇಜು. ಒಳಗಿನ ಕೋಣೆಯಲ್ಲಿ ಕೊರೆಯುವ ಯಂತ್ರ, ಅದನ್ನು ನಡೆಸುವ ಕಂಪ್ಯೂಟರು, ಮತ್ತು ಅವಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು, ಪ್ರೆಸ್ಸು ಮುಚ್ಚುವವರೆಗೆ ಕಾರ್ಡು ಒತ್ತಿದವನು. ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದಳು. ಅಚ್ಚು ಹೇಗಿರಬೇಕೆಂದು ನನಗೆ ಗೊತ್ತಿತ್ತು, ಯಂತ್ರ ಹೇಗೆ ನಡೆಯಬೇಕೆಂದು ಅವಳಿಗೆ ಗೊತ್ತಿತ್ತು. ಅಂಗಡಿ ಹುಟ್ಟಿದ್ದು ಹಾಗೆ.

ನಾಲ್ಕು ಗಂಟೆಗೆ ಅವಳು ಯಂತ್ರ ನಿಲ್ಲಿಸಿ ಹೊರಗೆ ಬರುತ್ತಿದ್ದಳು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ದಿನದ ಚೀಟಿಗಳನ್ನು ಒಂದೊಂದಾಗಿ ಓದುತ್ತಿದ್ದೆ. ಒತ್ತುವಾಗ ಕೆಟ್ಟುಹೋದ ಮದುವೆ ಕಾರ್ಡುಗಳನ್ನು ಕತ್ತರಿಸಿ ಮಾಡಿಕೊಂಡ ಚೀಟಿಗಳು ಅವು. ಒಂದು ಕಡೆ ಅರ್ಧ ಕಳಶವೋ ಯಾರದೋ ಅಜ್ಜನ ಹೆಸರೋ ಇರುತ್ತಿತ್ತು, ಇನ್ನೊಂದು ಕಡೆ ನನ್ನ ಬರಹ. ಅವಳು ಕೇಳಿ, ಇದಕ್ಕೆ ಹೂಂ ಅನ್ನಿ, ಇದಕ್ಕೆ ಆಗಲ್ಲ ಅನ್ನಿ ಎಂದು ಹೇಳಿ, ಲೋಟ ಕೆಳಗಿಟ್ಟು ಮತ್ತೆ ಒಳಗೆ ಹೋಗುತ್ತಿದ್ದಳು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಆ ದಿನವೂ ನಾಲ್ಕಕ್ಕೆ ಬಂದಳು. ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡಳು.

"ರೀ, ಯಾಕೋ ತಲೆ ಭಾರ ಇದೆ. ಚೀಟಿ ನಾಳೆ ಓದಿ."

"ಆರೇ ಇರೋದು ಕಣೇ. ಕೊನೇದು ಕೇಳಿದ್ರೆ ತಲೆನೋವು ಓಡಿಹೋಗುತ್ತೆ."

"ಅಷ್ಟು ಚೆನ್ನಾಗಿದ್ರೆ ನಾಳೆಗೇ ಇರ್ಲಿ. ಈಗ ನಗೋಕೂ ಶಕ್ತಿ ಇಲ್ಲ."

ಯಂತ್ರದಲ್ಲಿ ಒಂದು ತಾವರೆ ಅರ್ಧ ಕೊರೆದು ನಿಂತಿತ್ತು. ಕಂಪ್ಯೂಟರಿನಲ್ಲಿದ್ದ ವಿನ್ಯಾಸದ ಎಷ್ಟನೇ ಸಾಲಿಗೆ ನಿಲ್ಲಿಸಿದೆ ಎಂಬುದನ್ನು ಅವಳು ಫಲಕದ ಪಕ್ಕದ ಮರದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಳು. ಗಾಂಧಿ ಬಜಾರಿನ ಮೇಲೆ ನಡೆದು ಮನೆಗೆ ಹೋದೆವು. ದಾರಿಯಲ್ಲಿ ಒಂದು ಮೊಳ ಕನಕಾಂಬರ ಕೊಂಡಳು, ಹೂವಿನವಳ ಹತ್ತಿರ ಮೊಳ ಚಿಕ್ಕದಾಯಿತೆಂದು ಜಗಳವಾಡಿದಳು. ಮಾರನೆಯ ಬೆಳಿಗ್ಗೆ ಹಾಲು ಕಾಯಿಸುತ್ತಾ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಮಿದುಳಿನಲ್ಲಿ ರಕ್ತ ಸೋರಿದೆ ಎಂದರು. ನಾಲ್ಕನೆಯ ದಿನ ಹೋದಳು.

ಇನ್ನು ಆ ಯಂತ್ರದ ವಿಷಯ ಹೇಳಬೇಕು.

ಕೊರೆಯುವ ಮೊನೆಯನ್ನು ನಡೆಸುವ ಮೋಟರುಗಳಿಗೆ ಕಂಪ್ಯೂಟರು ಒಂದೇ ಸಮನೆ ತಟ್ಟುತ್ತಿರಬೇಕು. ಒಂದು ತಟ್ಟಿಗೆ ಮೋಟರು ಕೂದಲೆಳೆಯಷ್ಟು ತಿರುಗುತ್ತದೆ. ಸೆಕೆಂಡಿಗೆ ಸಾವಿರಾರು ತಟ್ಟು, ಎಲ್ಲದರ ನಡುವೆಯೂ ಒಂದೇ ಅಂತರ. ಒಂದು ತಟ್ಟು ತಡವಾದರೂ ಮೋಟರು ನಡುಗಿ ಹಿತ್ತಾಳೆಯ ಗೆರೆಯಲ್ಲಿ ಸಣ್ಣ ಕಚ್ಚು ಬೀಳುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತದೆ. ಮಾಮೂಲ್‌ಪೇಟೆಯವರು ಅಚ್ಚು ಕೈಗೆ ಬಂದ ಕೂಡಲೇ ಹೆಬ್ಬೆರಳ ಉಗುರನ್ನು ಗೆರೆಯುದ್ದಕ್ಕೂ ಎಳೆದು ನೋಡುತ್ತಾರೆ. ಉಗುರು ತಡೆದರೆ ಅಚ್ಚು ವಾಪಸ್, ಏಕೆಂದರೆ ಅದೇ ಜಾಗದಲ್ಲಿ ಚಿನ್ನದ ಹಾಳೆ ಹರಿಯುತ್ತದೆ.

ತಟ್ಟು ತಡವಾಗುವುದು ಯಾಕೆಂದು ಅವಳು ನನಗೆ ಹೇಳಿಕೊಟ್ಟ ರೀತಿ ಇದು. ಕಂಪ್ಯೂಟರಿನೊಳಗೆ ನಾಲ್ಕು ಪ್ರೊಸೆಸರುಗಳಿವೆ, ನಾಲ್ಕು ಜನ ಕೆಲಸಗಾರರು ಎಂದುಕೊಳ್ಳಿ. ಕರ್ನಲ್ ಎನ್ನುವುದು ಅವರ ಮೇಸ್ತ್ರಿ. ಯಾರು ಬಿಡುವಾಗಿದ್ದರೆ ಅವರಿಗೆ ಕೆಲಸ ಕೊಡುತ್ತಾನೆ. ಇದರ ಜೊತೆಗೆ ಕೀಲಿ ಒತ್ತಿದರೆ, ಡಿಸ್ಕು ಓದಿದರೆ, ನೆಟ್‌ವರ್ಕ್ ತಂತಿಯಲ್ಲಿ ಏನಾದರೂ ಬಂದರೆ ಗಂಟೆ ಬಾರಿಸುತ್ತದೆ. ಇಂಟರಪ್ಟ್ ಎಂದರೆ ಆ ಗಂಟೆ. ಯಾರ ಹತ್ತಿರ ಬಾರಿಸಿತೋ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಏಳಲೇಬೇಕು.

"ಅದಕ್ಕೇ ನಾಲ್ಕನೆಯವನಿಗೆ ಬೇರೆ ಯಾವ ಕೆಲಸಾನೂ ಕೊಡ್ಬೇಡ ಅಂತ ಮೇಸ್ತ್ರಿಗೆ ಹೇಳಿದೀನಿ," ಎಂದಳು. "ಅವನು ಮೋಟರ್ ತಟ್ಟೋದು ಒಂದೇ. ಗಂಟೆ ಎಲ್ಲಾ ಮೊದಲನೆಯವನಿಗೆ. ಮೊದಲನೆಯವನು ನೀವು, ನಾಲ್ಕನೆಯವಳು ನಾನು."

"ಮಧ್ಯದ ಇಬ್ರು?"

"ನಿಮ್ಮಕ್ಕ, ನನ್ ತಂಗಿ. ಮಾತಾಡ್ಕೊಂಡಿರ್ಲಿ."

ನಾನು ಚೀಟಿ ಬರೆಯುವುದೂ ಯಂತ್ರದೊಳಗಿನ ಪದ್ಧತಿಯೇ ಎಂದಿದ್ದಳು. ಗಂಟೆ ಬಾರಿಸಿದಾಗ ಮೊದಲನೆಯವನು ಎದ್ದು 'ಆಯ್ತು, ಗೊತ್ತಾಯ್ತು' ಎಂದಷ್ಟೇ ಹೇಳಿ ಗುರುತು ಹಾಕಿಕೊಳ್ಳುತ್ತಾನಂತೆ. ದೊಡ್ಡ ಕೆಲಸವನ್ನು ಆಮೇಲೆ ಬಿಡುವಾದಾಗ ಮಾಡುತ್ತಾನಂತೆ. ಬಾಗಿಲಲ್ಲೇ ನಿಂತು ಎಲ್ಲ ಮುಗಿಸಲು ಹೋದರೆ ಹಿಂದೆ ಬಂದವರು ಕಾಯಬೇಕಾಗುತ್ತದೆ. ನಾನು ಯಾರು ಬಂದರೂ "ಬರ್ಕೊಂಡಿದೀನಿ, ಸಂಜೆ ಹೇಳ್ತೀನಿ" ಎನ್ನುತ್ತಿದ್ದೆ. ಅದು ನನ್ನ ಸ್ವಂತ ಬುದ್ಧಿ ಎಂದುಕೊಂಡಿದ್ದೆ.

ಒಮ್ಮೆ ಕೇಳಿದೆ. "ಎಲ್ಲಾ ಗಂಟೇನೂ ಮೊದಲನೆಯವನ ಕಡೆ ತಿರುಗಿಸ್ಬೋದಾ?"

"ಒಂದು ಆಗಲ್ಲ. ಒಬ್ಬೊಬ್ರಿಗೂ ಅವರದೇ ಒಂದು ಗಡಿಯಾರ ಇರುತ್ತೆ. ಅದರ ಗಂಟೆ ಅವರಿಗೇ. ಕಮ್ಮಿ ಮಾಡ್ಬೋದು, ಬೇರೆಯವರಿಗೆ ಕೊಡೋಕಾಗಲ್ಲ."

ಆಸ್ಪತ್ರೆಯ ಬೆಂಚಿನ ಮೇಲೆ ಮೂರು ದಿನ ಕೂತಿದ್ದಾಗ ಈ ಮಾತು ನೆನಪಾಗಿತ್ತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಎರಡು ತಿಂಗಳು ಅಂಗಡಿಯ ಬೀಗ ತೆಗೆಯಲಿಲ್ಲ. ತೆಗೆದ ದಿನ ಮೊದಲು ಕಂಡಿದ್ದು ಆ ಅರ್ಧ ತಾವರೆ. ಫಲಕ ಯಂತ್ರದ ಹಿಡಿಯಲ್ಲೇ ಇತ್ತು, ಪಕ್ಕದಲ್ಲಿ ಪೆನ್ಸಿಲಿನ ಅಂಕಿ. ಅಲ್ಲೇ ನಿಂತು ತೀರ್ಮಾನ ಮಾಡಿದೆ. ಈ ತಾವರೆಯನ್ನು ಇದೇ ಯಂತ್ರದಲ್ಲಿ, ಎಲ್ಲಿ ನಿಂತು ಎಲ್ಲಿ ಮುಂದುವರಿಯಿತು ಎಂದು ಉಗುರಿಗೆ ತಿಳಿಯದ ಹಾಗೆ ಮುಗಿಸಬೇಕು. ಅದು ಸಾಧ್ಯವಾದರೆ ಅಂಗಡಿ ನಡೆಸುವುದು. ಆಗದಿದ್ದರೆ ಯಂತ್ರ ಮಾರಿ ಮನೆಯಲ್ಲಿರುವುದು. ವಿನ್ಯಾಸವನ್ನು ಯಂತ್ರಕ್ಕೆ ಕೊಟ್ಟು ಓಡಿಸುವುದು ನನಗೆ ಬರುತ್ತಿತ್ತು. ಅವಳಿಗೆ ಜ್ವರ ಬಂದ ದಿನಗಳಲ್ಲಿ ನಾನೇ ಓಡಿಸಿದ್ದೆ.

ಕಂಪ್ಯೂಟರು ಏಳಲಿಲ್ಲ. ಕಲಾಸಿಪಾಳ್ಯದ ಕಡೆಯಿಂದ ಒಬ್ಬ ರಿಪೇರಿಯವರನ್ನು ಕರೆಸಿದೆ. ನಲವತ್ತು ದಾಟಿದವರು, ಕೈ ಚುರುಕು, ಬಾಯಿ ಇನ್ನೂ ಚುರುಕು. ಪವರ್ ಸಪ್ಲೈ ಹೋಗಿತ್ತು, ಹೊಸದು ಹಾಕಿದರು. ಆಮೇಲೆ ತೆರೆಯ ಮೇಲೆ ಏನನ್ನೋ ನೋಡಿ ನಕ್ಕರು.

"ಏನ್ ಸಾರ್ ಇದು, ನಾಲ್ಕು ಪ್ರೊಸೆಸರ್ ಇಟ್ಕೊಂಡು ಮೂರರಲ್ಲೇ ಓಡಿಸ್ತಿದ್ದೀರಾ? ಒಂದು ಸುಮ್ನೆ ಕೂತಿದೆ, ಪೂರ್ತಿ ಸೊನ್ನೆ!"

ಆಗ ಕೊರೆಯುವ ಯಂತ್ರ ಓಡುತ್ತಿರಲಿಲ್ಲ. ನಾಲ್ಕನೆಯದು ಸುಮ್ಮನೆ ಇರಲೇಬೇಕಿತ್ತು. ನಾನು ಅದನ್ನು ಹೇಳಬೇಕಿತ್ತು. ಆದರೆ ಕಂಪ್ಯೂಟರು ಎದ್ದು ನಿಂತ ಖುಷಿಯಲ್ಲಿ, "ನೀವು ತಿಳಿದವರು, ನೋಡಿ ಮಾಡಿ" ಎಂದೆ. ಹೋಗುವಾಗ, "ಅವನಿಗೂ ಕೆಲಸ ಹಚ್ಚಿದೀನಿ ಸಾರ್, ಇನ್ನು ಗಾಡಿ ಹಾರುತ್ತೆ" ಎಂದರು. ಇಂಟರ್ನೆಟ್ ತಂತಿಯನ್ನೂ ಚುಚ್ಚಿ ಕೊಟ್ಟರು. ಅವಳು ವಿನ್ಯಾಸಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯುತ್ತಿದ್ದಳು, ಆ ಕಂಪ್ಯೂಟರಿಗೆ ಎಂದೂ ತಂತಿ ಹಾಕಿರಲಿಲ್ಲ. ಅದೂ ನನಗೆ ಆಗ ಹೊಳೆಯಲಿಲ್ಲ.

ತಾವರೆಯ ಫಲಕವನ್ನು ಮುಟ್ಟದೆ, ಯಂತ್ರದ ಇನ್ನೊಂದು ಬದಿಯಲ್ಲಿ ಹಳೆಯ ಹಿತ್ತಾಳೆ ತುಂಡು ಬಿಗಿದು ಒಂದು ವೃತ್ತ ಕೊರೆದು ನೋಡಿದೆ. ಉಗುರು ಏಳು ಕಡೆ ತಡೆಯಿತು. ಇನ್ನೊಂದು ಕೊರೆದೆ, ಐದು ಕಡೆ. ಮೊನೆ ಬದಲಾಯಿಸಿದೆ, ಎಣ್ಣೆ ಹಾಕಿದೆ, ಏನೂ ಆಗಲಿಲ್ಲ. ಆಗ ರಿಪೇರಿಯವರ ನಗು ನೆನಪಾಯಿತು.

ಕಬ್ಬಿಣದ ಬೀರುವಿನ ಬಾಗಿಲ ಒಳಗಡೆ ಅವಳು ಒಂದು ಹಾಳೆ ಅಂಟಿಸಿದ್ದಳು. ಅದರಲ್ಲಿ ಕಂಪ್ಯೂಟರು ಶುರುವಾಗುವಾಗ ಕರ್ನಲ್‌ಗೆ ಹೇಳಬೇಕಾದ ಒಂದು ಸಾಲು ಇತ್ತು. ನಾಲ್ಕನೆಯವನನ್ನು ಪ್ರತ್ಯೇಕ ಇಡು ಎನ್ನುವ ಸಾಲು. ಎಲ್ಲಿ ಬರೆಯಬೇಕು, ಬರೆದ ಮೇಲೆ ಯಾವ ಕೀಲಿ ಒತ್ತಬೇಕು ಎಂಬುದೆಲ್ಲ ಕನ್ನಡದಲ್ಲಿತ್ತು. ಒಂದೊಂದು ಅಕ್ಷರವನ್ನೂ ಬೆರಳಿಟ್ಟು ನೋಡಿ ಟೈಪು ಹೊಡೆದೆ. ಮತ್ತೆ ಶುರು ಮಾಡಿದಾಗ ನಾಲ್ಕನೆಯದು ಸೊನ್ನೆಗೆ ಬಂದು ಕೂತಿತು. ನನ್ನ ಕೈಯಾರೆ ಇಷ್ಟು ಆಯಿತಲ್ಲ ಎಂದು ಎದೆ ಉಬ್ಬಿತು.

ವೃತ್ತ ಕೊರೆದೆ. ಉಗುರು ಎರಡು ಕಡೆ ತಡೆಯಿತು.

ಆ ವಾರ ನನ್ನ ಅಕ್ಕ ಮುಂದಿನ ಮೇಜಿಗೆ ಬಂದು ಕೂರತೊಡಗಿದ್ದಳು. ನಾನು ಒಳಗಿದ್ದರೆ ಹೊರಗೆ ಯಾರಾದರೂ ಬೇಕಲ್ಲ. ಅಕ್ಕನಿಗೆ ಎಪ್ಪತ್ತು ಹತ್ತಿರ. ಮೊದಲೆಲ್ಲ ಇವಳೇ, "ಇವನೊಬ್ನೇ ಯಾಕೆ ಬಾಗ್ಲಿಗೆ ಓಡ್ಬೇಕು? ಅವಳೂ ಎರಡು ಸಲ ಏಳ್ಲಿ. ಗಂಡ ಹೆಂಡ್ತಿ ಅಂದ್ಮೇಲೆ ಸಮ ಇರ್ಬೇಕು" ಎನ್ನುತ್ತಿದ್ದವಳು. ಆಗ ನನ್ನ ಹೆಂಡತಿ, "ಸಮ ಹಂಚಿದ್ರೆ ಇಬ್ರ ಕೆಲಸಾನೂ ಕೆಡುತ್ತೆ ಅತ್ತಿಗೆ. ಏಳೋದು ಅವರಿಗೆ ಬರುತ್ತೆ, ಕೂರೋದು ನನಗೆ ಬರುತ್ತೆ" ಎಂದಿದ್ದಳು. ಅಕ್ಕ ಅದನ್ನು ಒಪ್ಪಿರಲಿಲ್ಲ. ಈಗ ತಾನೇ ಮೇಜಿನಲ್ಲಿ ಕೂತು, ಬಂದವರನ್ನೆಲ್ಲ ಒಳಗೆ ಕಳಿಸುತ್ತಿದ್ದಳು. ನಾನು ಬಾಗಿಲು ಹಾಕಿಕೊಂಡೆ. ಆಗ ಬಾಗಿಲ ಹೊರಗಿನಿಂದಲೇ ಕೂಗತೊಡಗಿದಳು.

"ಲೋ, ಟೈಲರ್ ಬಂದಿದಾನೆ ಕಣೋ. ಏಣಿ ಕೇಳ್ತಾನೆ."

"ಬಾಗ್ಲು ಹಾಕಿದೀನಲ್ಲಕ್ಕಾ."

"ಹಾಕ್ಕೋಪ್ಪ. ನಾನೇನ್ ಒಳಗ್ ಬಂದ್ನಾ? ಕೂಗಿದೆ ಅಷ್ಟೇ. ಕೊಡ್ಲಾ ಬೇಡ್ವಾ?"

ಹಿತ್ತಾಳೆ ತುಂಡನ್ನು ಕೈಯಲ್ಲಿ ಹಿಡಿದು ನಿಂತಿದ್ದವನಿಗೆ ಥಟ್ಟನೆ ನೆನಪಾಯಿತು. ಅಂಗಡಿ ತೆರೆದ ಮೊದಲ ವರ್ಷ ಫೋನು ಒಳಗಿನ ಕೋಣೆಯಲ್ಲೇ ಇತ್ತು. ಯಂತ್ರ ಕೊರೆದ ಅಚ್ಚಿನ ಅಂಚನ್ನು ಅವಳು ಭೂತಗನ್ನಡಿಯಲ್ಲಿ ನೋಡುತ್ತಾ ಕೈಯಿಂದ ತಿದ್ದುತ್ತಿದ್ದಳು. ಆಗ ಫೋನ್ ಬಡಿದುಕೊಂಡು ಕೈ ಜಾರಿ ಮೂರು ಅಚ್ಚು ಹಾಳಾಗಿದ್ದವು. "ಯಾರೂ ಒಳಗೆ ಬರದ ಹಾಗೆ ಬಾಗ್ಲು ಹಾಕಿದೀನಿ, ಇನ್ನೇನ್ ಮಾಡ್ಲಿ?" ಎಂದು ನಾನು ರೇಗಿದ್ದೆ. ಅವಳು ಫೋನನ್ನು ತಂತಿಸಮೇತ ಕಿತ್ತು ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಳು. "ಬಾಗ್ಲು ಹಾಕೋದು ಬೇರೆ, ಗಂಟೆ ತೆಗೆಯೋದು ಬೇರೆ."

ಬೀರುವಿನ ಹಾಳೆಯಲ್ಲಿದ್ದ ಸಾಲು ಬಾಗಿಲು ಹಾಕುವ ಸಾಲು. ನಾಲ್ಕನೆಯವನಿಗೆ ಬೇರೆ ಕೆಲಸ ಹೋಗುವುದನ್ನು ಅದು ನಿಲ್ಲಿಸಿತ್ತು. ಗಂಟೆಗಳು ಇನ್ನೂ ಹೋಗುತ್ತಿದ್ದವು.

ಅದನ್ನು ನೋಡುವುದು ನನಗೆ ಗೊತ್ತಿತ್ತು. ಒಂದು ಪದ ಹೊಡೆದರೆ ತೆರೆಯ ಮೇಲೆ ಒಂದು ಪಟ್ಟಿ ಬರುತ್ತದೆ. ಅಡ್ಡ ಸಾಲಿಗೊಂದು ಗಂಟೆ, ಉದ್ದ ಸಾಲಿಗೊಬ್ಬ ಪ್ರೊಸೆಸರ್, ಯಾರನ್ನು ಯಾವುದು ಎಷ್ಟು ಸಲ ಎಬ್ಬಿಸಿದೆ ಎಂಬ ಅಂಕಿ. ಅವಳು ಅದನ್ನು ತೋರಿಸಿ, "ನೋಡಿ, ನೀವು ಎಷ್ಟು ಸಲ ಎದ್ದಿದ್ದೀರಿ" ಎಂದು ಚುಡಾಯಿಸುತ್ತಿದ್ದಳು. ಆಗ ಅವನದೇ ಗಡಿಯಾರದ ಸಾಲನ್ನು ಬಿಟ್ಟರೆ ನಾಲ್ಕನೆಯವನ ಕೆಳಗೆ ಹೆಚ್ಚೇನೂ ಇರುತ್ತಿರಲಿಲ್ಲ. ಈಗ ನೆಟ್‌ವರ್ಕ್ ತಂತಿಯ ಸಾಲಿನಲ್ಲಿ ನಾಲ್ಕನೆಯವನ ಅಂಕಿ ನಾನು ನೋಡುತ್ತಿದ್ದಂತೆಯೇ ಏರುತ್ತಿತ್ತು.

ರಿಪೇರಿಯವರಿಗೆ ಫೋನ್ ಮಾಡಿದೆ.

"ಗಂಟೆ ಹಂಚೋದು ಏನಾದ್ರೂ ಆನ್ ಮಾಡಿದ್ರಾ? ಇಂಟರಪ್ಟು?"

"ಸಾರ್... ನಿಮಗೆ ಅದೆಲ್ಲಾ ಗೊತ್ತಾ?"

"ಆನ್ ಮಾಡಿದ್ರಾ ಇಲ್ವಾ ಹೇಳಿ."

"ಮಾಡಿದೆ. ಎಲ್ಲರಿಗೂ ಸಮ ಹಂಚೋ ಪ್ರೋಗ್ರಾಮು, ಆಫ್ ಆಗಿತ್ತು. ಎಲ್ಲಾ ಭಾರ ಮೊದಲನೇದರ ಮೇಲೇ ಬೀಳ್ತಿತ್ತು ಸಾರ್, ಪಾಪ. ಸಮ ಇದ್ರೆ ಒಳ್ಳೇದಲ್ವಾ?"

"ಬೇರೆ ಕಡೆ ಒಳ್ಳೇದು. ಈ ಅಂಗಡೀಲಿ ಅಲ್ಲ. ನಾಳೆ ಬನ್ನಿ, ಕಾಫಿ ಕೊಡ್ತೀನಿ."

ಬಂದರು. ನಾನು ಎರಡು ವೃತ್ತಗಳನ್ನು ಕೈಗೆ ಕೊಟ್ಟು ಉಗುರು ಎಳೆದು ನೋಡಲು ಹೇಳಿದೆ. ಎಳೆದರು. ತಡೆದಲ್ಲಿ ನಿಂತರು. ಮತ್ತೆ ಎಳೆದರು. "ಇಷ್ಟಕ್ಕೇನಾ ಸಾರ್?" ಎಂದರು.

"ಇಷ್ಟೇ ನಮ್ಮ ಕೆಲಸ," ಎಂದೆ.

ಆಮೇಲೆ ಅವರು ನಗಲಿಲ್ಲ. ನಾನು ಹೇಳಿದೆ, ಅವರು ಹೊಡೆದರು. ಹಂಚುವ ಪ್ರೋಗ್ರಾಮನ್ನು ನಿಲ್ಲಿಸಿ, ಮತ್ತೆ ತಾನಾಗಿ ಏಳದಂತೆ ಮಾಡಿದರು. ಗಂಟೆಗಳನ್ನೆಲ್ಲ ಮೊದಲನೆಯವನ ಕಡೆಗೆ ತಿರುಗಿಸಿದರು. ನೆಟ್‌ವರ್ಕ್ ತಂತಿಯನ್ನು ನಾನೇ ಕಿತ್ತು ಹಾಕಿದೆ. ಅವರು ಬೀರುವಿನ ಹಾಳೆಯನ್ನು ಓದುತ್ತಾ ನಿಂತರು. "ಇದನ್ನ ಯಾರು ಬರೆದಿದ್ದು ಸಾರ್?" ಎಂದು ಕೇಳಿದರು. ಹೇಳಿದೆ. "ಮೇಡಂ ಇದ್ದಾಗ್ಲೇ ಗೊತ್ತಿದ್ದಿದ್ರೆ ಬಂದು ಅವರ ಹತ್ರ ಕೇಳಿ ಕಲೀತಿದ್ದೆ," ಎಂದರು. ಎರಡನೆಯ ಸಾಲನ್ನು, ಗಂಟೆಯ ಸಾಲನ್ನು, ಅವಳ ಬರಹದ ಕೆಳಗೆ ನಾನು ಬರೆದು ಸೇರಿಸಿದೆ. ಅವಳು ಅದನ್ನು ಬರೆದಿರಲಿಲ್ಲ. ಅದು ಅವಳಿಗೆ ಬಾಯಿಪಾಠವೇ ಆಗಿತ್ತೇನೋ.

ವೃತ್ತ ಕೊರೆದೆ. ಉಗುರು ಎಲ್ಲೂ ನಿಲ್ಲದೆ ಒಂದು ಸುತ್ತು ಬಂತು.

ಅಕ್ಕನನ್ನು ಕೂರಿಸಿಕೊಂಡು ಹೇಳಿದೆ. ಯಾರು ಬಂದರೂ ಒಳಗೆ ಕಳಿಸುವುದು ಬೇಡ, ಕೂಗುವುದೂ ಬೇಡ, ಚೀಟಿಯಲ್ಲಿ ಬರೆದಿಡು, ನಾಲ್ಕು ಗಂಟೆಗೆ ಬಂದು ಕೇಳುತ್ತೇನೆ.

"ಬೆಂಕಿ ಬಿದ್ರೆ?"

"ಬೆಂಕಿ ಬಿದ್ರೆ ಕೂಗು."

"ಅಷ್ಟಾದ್ರೂ ಬಿಟ್ಯಲ್ಲ," ಎಂದಳು.

ತಾವರೆಯನ್ನು ಒಂದು ಗುರುವಾರ ಬೆಳಿಗ್ಗೆ ಶುರು ಮಾಡಿದೆ. ಪೆನ್ಸಿಲಿನ ಅಂಕಿಯನ್ನು ಮೂರು ಸಲ ಓದಿ, ಅವಳು ನಿಲ್ಲಿಸಿದ್ದ ಸಾಲಿನಿಂದಲೇ ಯಂತ್ರವನ್ನು ಬಿಟ್ಟೆ. ಮೊನೆ ಹಳೆಯ ಗೆರೆಯ ತುದಿಗೆ ಇಳಿಯುವಾಗ ಉಸಿರು ಹಿಡಿದಿದ್ದೆ. ಇಳಿದ ಮೇಲೆ ಭಯವಾಗಲಿಲ್ಲ. ಸದ್ದು ಅವಳ ಕಾಲದ ಸದ್ದೇ ಆಗಿತ್ತು, ಒಂದೇ ಸಮನೆ, ಹೊಲಿಗೆ ಮಿಷನ್ನಿನ ಹಾಗೆ. ಹೊರಗೆ ಫೋನ್ ಬಡಿದುಕೊಂಡಿತು, ಅಕ್ಕ ಎತ್ತಿ ಏನೋ ಹೇಳಿದಳು. ಬಾಗಿಲು ಬಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿನಾರು ದಳಗಳೂ ಮುಗಿದಿದ್ದವು.

ಮಾಮೂಲ್‌ಪೇಟೆಯವರು ತಾವೇ ಬಂದರು. ಅಚ್ಚನ್ನು ಬೆಳಕಿಗೆ ಹಿಡಿದು, ಹೆಬ್ಬೆರಳ ಉಗುರನ್ನು ಹೊರಗಿನ ಸುತ್ತಿನಲ್ಲಿ ನಿಧಾನ ಎಳೆದರು, ಆಮೇಲೆ ಒಂದೊಂದೇ ದಳ.

"ಇದು ಅವರು ಹೋಗೋಕ್ ಮುಂಚೆ ಮುಗಿಸಿದ್ದಾ ಸ್ವಾಮಿ?"

"ಅರ್ಧ ಅವಳು, ಅರ್ಧ ನಾನು."

ಮತ್ತೆ ಎಳೆದರು, ಈ ಸಲ ಕಣ್ಣು ಮುಚ್ಚಿಕೊಂಡು. "ಎಲ್ಲಿ ಅರ್ಧ?"

ನಾನು ತೋರಿಸಲಿಲ್ಲ. ಅವರು ಅಚ್ಚನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, "ಮುಂದಿನ ವಾರ ಎರಡು ಗಣಪತಿ ಕಳಿಸ್ತೀನಿ, ಮಾಡಿಕೊಡಿ" ಎಂದರು. ಅಂಗಡಿ ನಡೆಯುತ್ತದೆ ಎಂದು ನನಗೆ ಅಲ್ಲಿಗೆ ಗೊತ್ತಾಯಿತು. ಈಗಲೂ ನಡೆಯುತ್ತಿದೆ.

ನಾಲ್ಕು ಗಂಟೆಗೆ ನಾನು ಯಂತ್ರ ನಿಲ್ಲಿಸಿ ಹೊರಗೆ ಬರುತ್ತೇನೆ. ಅಕ್ಕ ಕನ್ನಡಕ ಏರಿಸಿಕೊಂಡು ತನ್ನ ಚೀಟಿಗಳನ್ನು ಓದುತ್ತಾಳೆ, ಪ್ರತಿಯೊಂದಕ್ಕೂ ತನ್ನದೊಂದು ಮಾತು ಸೇರಿಸುತ್ತಾಳೆ. ಕೇಳುತ್ತೇನೆ, ಉತ್ತರ ಹೇಳುತ್ತೇನೆ, ಕಾಫಿ ಕುಡಿಯುತ್ತೇನೆ. ಒಳಗೆ ಕೂರುವುದು ನನಗೂ ಬಂದಿದೆ.

ಮಲ್ಲೇಶ್ವರದ ಆ ಹೆಂಗಸು ಬೇರೆ ಎಲ್ಲಿಯೋ ಕಾರ್ಡು ಮಾಡಿಸಿದರು. ಕಾರ್ಡಿನಲ್ಲಿ ನಾಯಿ ಇತ್ತೋ ಇಲ್ಲವೋ ಗೊತ್ತಿಲ್ಲ. ಬುಧವಾರದ ಆರು ಚೀಟಿಗಳು ನನ್ನ ಮೇಜಿನ ಡ್ರಾಯರಿನಲ್ಲಿ ಅದೇ ಕ್ರಮದಲ್ಲಿವೆ. ನಾಯಿಯ ಚೀಟಿ ಎಲ್ಲಕ್ಕಿಂತ ಕೆಳಗಿದೆ. ಅದನ್ನು ಅವಳಿಗೆ ಓದಿ ಹೇಳಲಿಲ್ಲ.